ಲೇಜಿಮಿನ ಮುಂದಿನ ಸಾಲು

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2008ರ ಏಪ್ರಿಲ್‌ನಲ್ಲಿ ಐ.ಪಿ.ಎಲ್. ಕ್ರಿಕೆಟ್ ಆರಂಭವಾದಾಗ ಗೆರೆಯಾಚೆ ಕುಣಿಯುತ್ತಿದ್ದ ವಿದೇಶಿ ಹುಡುಗಿಯರನ್ನು ಟಿ.ವಿ.ಯಲ್ಲಿ ಕಂಡು ಮೂಗು ಮುರಿದವರು ಬಹಳ. ‘ಚಿಯರ್ ಲೀಡರ್’ ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದೇ ಆಗ. ಆದರೆ ಅಮೆರಿಕದಲ್ಲಿ ಅದು ಶಾಲೆ ಕಾಲೇಜಿನ ಮಾತು. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾನಿ ಕ್ಯಾಂಬೆಲ್ ಎಂಬ ವಿದ್ಯಾರ್ಥಿ ಫುಟ್‌ಬಾಲ್ ಪಂದ್ಯದ ಪ್ರೇಕ್ಷಕರ ಮುಂದೆ ನಿಂತು ಎಲ್ಲರಿಂದ ಒಂದೇ ದನಿಯಲ್ಲಿ ಕೂಗಿಸಿದ. ಅಲ್ಲಿಂದ ಶುರು. ಬಹುಕಾಲ ಅದು ಗಂಡಸರದೇ ಕೆಲಸವಾಗಿತ್ತು ಎಂದರೆ ಇಂದು ನಂಬುವುದು ಕಷ್ಟ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಶಾಲೆಗಳಲ್ಲಿ ಇದಕ್ಕೆ ಹತ್ತಿರದ್ದು ಯಾವುದು ಎಂದು ಕೇಳಿದರೆ ಉತ್ತರ ಒಂದೇ: ಲೇಜಿಮ್. ಆಗಸ್ಟ್ ಹದಿನೈದು ಸಮೀಪಿಸಿತೆಂದರೆ ಡ್ರಿಲ್ ಮಾಸ್ತರರು ಮಕ್ಕಳನ್ನು ಬಯಲಿಗೆ ಕರೆದು ತಂಡ ಆರಿಸುತ್ತಾರೆ. ಹೆಸರೇ ಹೇಳುವಂತೆ ಇದು ಪಾರಸಿ ಮೂಲದ್ದು. ಬಿಲ್ಲು ಎಳೆಯುವವರ ರಟ್ಟೆ ಬಲಿಯಲೆಂದು ಹೆದೆಯ ಬದಲು ಕಬ್ಬಿಣದ ಸರಪಳಿ ಬಿಗಿದ ಸಾಧನ. ಗರಡಿಮನೆಯಲ್ಲಿ ಅದು ಭಾರವಾಗಿತ್ತು. ಮಕ್ಕಳ ಕೈಗೆ ಬರುವಾಗ ಹಗುರವಾಗಿ, ಝಣಝಣ ಎನ್ನುವ ತಗಡಿನ ಬಿಲ್ಲೆಗಳನ್ನು ಹೊತ್ತುಕೊಂಡಿತು. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ನಮ್ಮ ಕಡೆಯ ಕವಾಯತಿನ ಮಾತು ಇಂದಿಗೂ ಅರ್ಧ ಮರಾಠಿ, ಅರ್ಧ ಹಿಂದಿ. ‘ಹೋಶಿಯಾರ್’, ‘ಚಾರ್ ಆವಾಜ್’, ‘ಏಕ್ ಜಗಹ್’ ಎಂಬ ಆಜ್ಞೆಗಳ ಅರ್ಥ ತಿಳಿಯದೆಯೇ ಎಷ್ಟೋ ಮಕ್ಕಳು ಅವನ್ನು ಪಾಲಿಸಿದ್ದಾರೆ!

ಆಯ್ಕೆಗೆ ಸಿದ್ಧತೆ ಸಣ್ಣದಲ್ಲ. ನಾಲ್ಕು ಎಣಿಕೆಗೆ ನಾಲ್ಕು ಸಪ್ಪಳ ಬರಬೇಕು, ಬಗ್ಗಿದಾಗ ಒಂದು, ಎದ್ದಾಗ ಒಂದು. ಒಬ್ಬರ ಸರಪಳಿ ಅರೆಗಳಿಗೆ ತಡವಾದರೂ ಇಡೀ ಸಾಲು ಕೆಟ್ಟಿತು. ಲೇಜಿಮ್ ಶಾಲೆಯ ಸ್ವತ್ತು, ಮನೆಗೆ ಒಯ್ಯುವಂತಿಲ್ಲ. ಹಾಗಾಗಿ ಮಕ್ಕಳು ಕಟ್ಟಿಗೆ ಹಿಡಿದು, ಬಾಯಲ್ಲೇ ತಾಳ ಹೇಳಿಕೊಂಡು ಅಂಗಳದಲ್ಲಿ ಕಲಿಯುವುದುಂಟು. ಅಂಗೈ ಬೊಬ್ಬೆ ಏಳುತ್ತದೆ, ತೊಡೆ ಹಿಡಿದುಕೊಳ್ಳುತ್ತದೆ. ಗಿಡ್ಡನೆಯವರಿಗೆ ಮುಂದಿನ ಸಾಲು, ಎತ್ತರದವರಿಗೆ ಹಿಂದಿನದು. ಹೆಣ್ಣುಮಕ್ಕಳಿಗೆ ಇನ್ನೊಂದು ಪರೀಕ್ಷೆ ಮನೆಯಲ್ಲಿರುತ್ತದೆ. ಏಳನೆಯ ಇಯತ್ತೆ ದಾಟಿದ ಹುಡುಗಿ ಊರ ಮಂದಿಯ ಮುಂದೆ ಕುಣಿಯುವುದು ಬೇಡ ಎಂದು ಹೇಳುವ ಅಜ್ಜಿ ಎಲ್ಲ ಮನೆಯಲ್ಲೂ ಇದ್ದಳು.

ಆ ‘ಬೇಡ’ಕ್ಕೆ ಇದೇ ಜಿಲ್ಲೆಯಲ್ಲಿ ದೊಡ್ಡ ಉತ್ತರ ಬಂದದ್ದು 1924ರಲ್ಲಿ. ಅದರ ಹಿಂದಿನ ವರ್ಷ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಜೈಲು ಸೇರಿದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮೆ ಕೇಳದೆ ಹೊರಬಂದಿದ್ದರು. ಶಿಸ್ತಿನ ಬೆಲೆ ಅರಿತ ಡಾ. ನಾ. ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಹರ್ಡೀಕರರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ವೈದ್ಯರು. ಆದರೂ ಅವರ ಕವಾಯತಿನ ಬೇರು ಅಲ್ಲಿನ ಮೈದಾನದಲ್ಲಿಲ್ಲ, ನಾಗಪುರದ ಜೈಲಿನಲ್ಲಿದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ಆ ಡಿಸೆಂಬರಿನಲ್ಲಿ ನಡೆದಾಗ ಸೇವಾದಳದ ಮಹಿಳಾ ವಿಭಾಗದ ಹೊಣೆ ಉಮಾಬಾಯಿ ಕುಂದಾಪುರ ಅವರದು. ಸ್ವತಃ ವಿಧವೆಯಾದ ಅವರು ಊರೂರು ಸುತ್ತಿ ನೂರೈವತ್ತಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಕಿಯರಾಗಿ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಹಿತ್ತಲ ಬಾಗಿಲಲ್ಲೇ ಕಾಲ ಕಳೆಯಬೇಕಾದವರು ಸಾವಿರಾರು ಜನರ ನಡುವೆ ಓಡಾಡಿ ಕೆಲಸ ಮಾಡಿದ್ದು ಸಾಮಾನ್ಯ ಸಂಗತಿಯಲ್ಲ. ನನ್ನ ಲೆಕ್ಕದಲ್ಲಿ, ಆ ಅಧಿವೇಶನದ ನಿರ್ಣಯಗಳಿಗಿಂತ ಇದೇ ಹೆಚ್ಚು ದಿನ ಉಳಿಯತಕ್ಕದ್ದು.

ಹರ್ಡೀಕರರು 1929ರಲ್ಲಿ ಸಂಗಡಿಗ ವೈದ್ಯರೊಂದಿಗೆ ಗೋಕಾಕ ತಾಲ್ಲೂಕಿನ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮ ಸ್ಥಾಪಿಸಿದರು. ಸೇವಾದಳವನ್ನು ಬ್ರಿಟಿಷ್ ಸರ್ಕಾರ 1932ರಲ್ಲಿ ನಿಷೇಧಿಸಿತು, ಆಸ್ಪತ್ರೆ ಉಳಿಯಿತು. ಹರ್ಡೀಕರರು 1975ರಲ್ಲಿ ತೀರಿಕೊಂಡರು. ಉಮಾಬಾಯಿಯವರು ನೂರರ ಸಮೀಪದವರೆಗೆ ಬಾಳಿ 1992ರಲ್ಲಿ ಹೋದರು.

ದೆಹಲಿಯ 1982ರ ಏಷ್ಯನ್ ಕ್ರೀಡಾಕೂಟದಲ್ಲಿಯೂ ಲೇಜಿಮ್ ಝಣಗುಟ್ಟಿತು. ಈ ಕಡೆಯ ಶಾಲೆಗಳಲ್ಲಿ ಅದು ವರ್ಷದ ಹೆಚ್ಚಿನ ದಿನ ಕಪಾಟಿನ ಮೇಲೆಯೇ ಇರುತ್ತದೆ. ಜುಲೈ ಕೊನೆಗೆ ಮಾಸ್ತರರು ಇಳಿಸಿ ತುಕ್ಕು ಒರೆಸುತ್ತಾರೆ. ಇರುವುದು ಇಪ್ಪತ್ತೋ ಮೂವತ್ತೋ. ಬಯಲಲ್ಲಿ ಕಾದು ನಿಂತ ಮಕ್ಕಳು ಅದರ ಎರಡು ಪಟ್ಟು.