ಮಾದರಿ ರೈಲುಮಾರ್ಗದ ಆಧಾರಪೀಠ: ಸಾಮಗ್ರಿಗಳ ಇತಿಹಾಸ

ನಿಜವಾದ ರೈಲುಮಾರ್ಗವನ್ನು ಗೊತ್ತಾದ ಪ್ರಮಾಣದಲ್ಲಿ ಕಿರಿದುಗೊಳಿಸಿ, ಹಳಿ, ನಿಲ್ದಾಣ, ಬೆಟ್ಟ, ಸೇತುವೆಗಳೊಡನೆ ರಚಿಸಿದ ಮಾದರಿಯನ್ನು ಹೊತ್ತು ನಿಲ್ಲುವ ಮೇಜಿನಂಥ ರಚನೆಯೇ ಆಧಾರಪೀಠ. ಕಾಲುಗಳು, ಅವುಗಳ ಮೇಲಿನ ಚೌಕಟ್ಟು, ಚೌಕಟ್ಟಿನ ಮೇಲಿನ ಹಾಸುಹಲಗೆ ಮತ್ತು ಹಳಿಯ ಅಡಿಯ ಪದರ ಇದರ ಮುಖ್ಯ ಅಂಗಗಳು. 1:87 ಪ್ರಮಾಣದ ಎಚ್‌ಒ ಮಾದರಿಯಲ್ಲಿ ಹಳಿಗಳ ನಡುವಣ ಅಂತರ ಕೇವಲ 16.5 ಮಿ.ಮೀ. ಇರುವುದರಿಂದ, ಹಳಿ ಕೂಡುವಲ್ಲಿ ಒಂದು ಮಿಲಿಮೀಟರಿನಷ್ಟು ಏರುಪೇರಾದರೂ ಗಾಡಿ ಹಳಿ ತಪ್ಪಬಹುದು. ಪೀಠದ ಸಾಮಗ್ರಿಯ ಆಯ್ಕೆಗೆ ಮಹತ್ವ ಬಂದಿರುವುದು ಇದರಿಂದ.

ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನೂ ಅದರ ಹಳಿಗಳನ್ನೂ ಪ್ರದರ್ಶಿಸಿದ ಕಾಲದಲ್ಲಿ ಇಂಥ ಆಟಿಕೆಗಳನ್ನು ನೆಲದ ಮೇಲೆ ಜೋಡಿಸಿ, ಆಟ ಮುಗಿದ ಮೇಲೆ ತೆಗೆದಿಡುತ್ತಿದ್ದರು. 1930ರ ದಶಕದಲ್ಲಿ 16.5 ಮಿ.ಮೀ. ಅಂತರದ ಚಿಕ್ಕ ರೈಲುಗಳು ಬಂದು, ಅಮೆರಿಕದಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯೂ (1934) ಹವ್ಯಾಸಿಗಳ ರಾಷ್ಟ್ರೀಯ ಸಂಘವೂ (1935) ಹುಟ್ಟಿಕೊಂಡಾಗ, ಮನೆಯ ಕೋಣೆಯೊಂದರಲ್ಲಿ ಕಾಯಂ ಆಗಿ ನಿಲ್ಲುವ ಮಾದರಿಗಳು ಹೆಚ್ಚಿದವು.

ಮೊದಮೊದಲು ಬಳಕೆಯಾದದ್ದು ಪೈನ್ ಮರದ ಹಲಗೆ. ಮರವು ತೇವ ಹೀರಿದಾಗ ಎಳೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗದೆ ಅಡ್ಡಕ್ಕೆ ಹಿಗ್ಗುತ್ತದೆ; ಒಣಗಿದಾಗ ಕುಗ್ಗಿ ತಿರುಚಿಕೊಳ್ಳುತ್ತದೆ. ಈ ದೋಷಕ್ಕೆ ಉತ್ತರವಾಗಿ ಬಂದ ಪ್ಲೈವುಡ್‌ನಲ್ಲಿ ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡಲಾಗಿರುವಂತೆ ತೆಳುಪದರಗಳನ್ನು ಅಂಟಿಸಿರುವುದರಿಂದ ಹಿಗ್ಗುವಿಕೆಗೆ ಕಡಿವಾಣ ಬಿದ್ದಿತು. ಆದರೆ ಅದರ ಗಟ್ಟಿ ಮೈಗೆ ಸಣ್ಣ ಮೊಳೆ ಇಳಿಯುವುದು ಕಷ್ಟ, ಗಾಡಿಯ ಸದ್ದೂ ಹೆಚ್ಚು. ಆದ್ದರಿಂದ ಅದರ ಮೇಲೆ ಮೆತು ಹಲಗೆ ಹಾಸುವ ಪದ್ಧತಿ ಬೆಳೆಯಿತು. ಅಮೆರಿಕದಲ್ಲಿ ಹಳೆಯ ಕಾಗದದ ತಿರುಳಿನಿಂದ ತಯಾರಾದ ಹೋಮಸೋಟ್, ಬ್ರಿಟನ್ನಿನಲ್ಲಿ ಸುಂಡೀಲಾ ಹಲಗೆ ಈ ಕೆಲಸಕ್ಕೆ ಒದಗಿದವು. ಅಡಿಯಲ್ಲಿ ಒತ್ತೊತ್ತಾಗಿ ಆಸರೆ ಇಲ್ಲದಿದ್ದರೆ ಇಂಥ ಹಲಗೆಗಳು ಜೋತುಬೀಳುತ್ತವೆ.

1960ರ ದಶಕದಲ್ಲಿ ‘ಮಾಡೆಲ್ ರೈಲ್‌ರೋಡರ್’ ಸಂಪಾದಕ ಲಿನ್ ವೆಸ್ಟ್‌ಕಾಟ್ ಪ್ರಚುರಪಡಿಸಿದ ಎಲ್-ತೊಲೆ ವಿಧಾನ ಈ ಇತಿಹಾಸದ ದೊಡ್ಡ ತಿರುವು. ನಿಲ್ಲಿಸಿದ ಅಗಲ ಪಟ್ಟಿಯ ಮೇಲಂಚಿಗೆ ಕಿರುಪಟ್ಟಿಯೊಂದನ್ನು ಮಲಗಿಸಿ, ಅಂಟು ಮತ್ತು ತಿರುಪುಮೊಳೆಗಳಿಂದ ಬಿಗಿದರೆ ಅಗ್ಗದ ಮರವೂ ಭಾರಕ್ಕೆ ಬಾಗದ ತೊಲೆಯಾಗುತ್ತದೆ. ಇಂಥ ಎರಡು ತೊಲೆಗಳ ಮೇಲೆ ಅಡ್ಡಪಟ್ಟಿಗಳನ್ನಿಟ್ಟು ಕೆಳಗಿನಿಂದ ತಿರುಪು ಹಾಕುವುದರಿಂದ, ಮೇಲೆ ಬೆಟ್ಟ ಕಣಿವೆಗಳನ್ನು ರಚಿಸಿದ ಬಳಿಕವೂ ಪಟ್ಟಿಯನ್ನು ಸಡಿಲಿಸಿ ಸರಿಸಲು ಸಾಧ್ಯವಾಯಿತು. ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತಿದ್ದುದರಿಂದ ನುರಿತ ಬಡಗಿಯಲ್ಲದವನಿಗೂ ಈ ಕೆಲಸ ಕೈಗೆಟುಕಿತು.

ಅದೇ ದಶಕದಲ್ಲಿ 9 ಮಿ.ಮೀ. ಅಂತರದ ಎನ್ ಮಾದರಿ ಬಂದಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ಎನ್‌ಟ್ರ್ಯಾಕ್ ಪದ್ಧತಿಯಲ್ಲಿ ಒಬ್ಬೊಬ್ಬ ಹವ್ಯಾಸಿಯೂ ನಿಗದಿತ ಅಳತೆಯ ತುಂಡುಗಳನ್ನು ಮನೆಯಲ್ಲಿ ಕಟ್ಟಿ, ಪ್ರದರ್ಶನದಲ್ಲಿ ಇತರರ ತುಂಡುಗಳಿಗೆ ಜೋಡಿಸತೊಡಗಿದ. ಹೊತ್ತೊಯ್ಯುವ ಅಗತ್ಯ ಬಂದೊಡನೆ ತೂಕದ ಪ್ರಶ್ನೆ ಮುನ್ನೆಲೆಗೆ ಬಂದು, ಕಟ್ಟಡಗಳ ಶಾಖನಿರೋಧಕ್ಕೆಂದು ತಯಾರಾಗುವ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಹಲಗೆ ಈ ಹವ್ಯಾಸಕ್ಕೂ ಕಾಲಿಟ್ಟಿತು. ಮಣಿಮಣಿಯಾಗಿ ಉದುರುವ ಥರ್ಮೋಕೋಲ್‌ಗಿಂತ ದಟ್ಟವಾದ ಇದು ಹಗುರ, ತೇವ ಹೀರುವುದು ತೀರ ಕಡಿಮೆ, ಚಾಕುವಿನಿಂದ ಕಣಿವೆ ಕೊರೆಯಲೂ ಬರುತ್ತದೆ. ಆದರೆ ತಿರುಪುಮೊಳೆ ಇದರಲ್ಲಿ ನಿಲ್ಲುವುದಿಲ್ಲ, ದ್ರಾವಕವಿರುವ ಅಂಟು ಇದನ್ನು ಕರಗಿಸುತ್ತದೆ, ಬೆಂಕಿ ಬೇಗ ಹತ್ತುತ್ತದೆ. ಮರದ ನಾರನ್ನು ಒತ್ತಿ ಮಾಡಿದ, ಎಳೆಯಿಲ್ಲದ ಎಂಡಿಎಫ್ ಹಲಗೆ ನಯವಾಗಿ ಕೊಯ್ಯಲು ಬಂದರೂ ಭಾರವಾದದ್ದು. ನೀರು ತಗುಲಿದರೆ ಅದರ ಅಂಚು ಊದಿಕೊಳ್ಳುತ್ತದೆ.

ಹೀಗೆ ಎಲ್ಲ ಗುಣಗಳೂ ಕೂಡಿದ ಒಂದೇ ಸಾಮಗ್ರಿ ಈವರೆಗೆ ದೊರೆತಿಲ್ಲ. ಬಿಗಿತನಕ್ಕೆ ಮರ ಅಥವಾ ಪ್ಲೈವುಡ್ ಚೌಕಟ್ಟು, ಭೂದೃಶ್ಯಕ್ಕೆ ಹಗುರ ಪಾಲಿಸ್ಟೈರೀನ್, ಸದ್ದಡಗಿಸಲು ಹಳಿಯ ಅಡಿಗೆ ಕಾರ್ಕ್ ಅಥವಾ ಮೆತು ಹಲಗೆ ಎಂದು ಕೆಲಸವನ್ನು ಹಂಚುವ ಮಿಶ್ರ ರಚನೆಯೇ ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ.