ದಾಬಸ್‌ಪೇಟೆಯಿಂದ ಸೂರ್ಯನ ಕಡೆಗೆ

ದಾಬಸ್‌ಪೇಟೆ ಅಂದರೆ ನಮಗೆ ಏನು ನೆನಪಾಗುತ್ತೆ? ಸೋಂಪುರ ಕೈಗಾರಿಕಾ ಪ್ರದೇಶ, ಸಾಲು ಸಾಲು ಲಾರಿ, ಏರುತ್ತಲೇ ಇರುವ ಎಕರೆ ರೇಟು, ಧೂಳು. ಈ ಊರಿಂದ ಬೆಂಗಳೂರಿನ ಕಡೆಗೆ ಹೊರಟರೆ ಪೀಣ್ಯ ಸಿಗುತ್ತೆ. ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಹಿಡಿದು ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿದರೆ ಹೊಸಕೋಟೆ. ಎರಡೂ ಕಡೆ ಗಾಜು ಉಜ್ಜುವ ಕೆಲಸಕ್ಕೆ ಜಾಗ ಇದೆ. ಕನ್ನಡಕದ ಗಾಜಲ್ಲ ಸ್ವಾಮಿ, ಆಕಾಶ ನೋಡುವ ಗಾಜು.

ಪೀಣ್ಯದ ಕತೆ ಕೆಲವರಿಗೆ ಗೊತ್ತು. ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ಅವರ ತಂಡ ಅಲ್ಲಿನ ಶೆಡ್‌ಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿತು. 1975ರ ಏಪ್ರಿಲ್ 19ರಂದು ಅದು ಹಾರಿತು. ಅದೇ ಜಾಗದಲ್ಲಿ 1993ರಲ್ಲಿ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ ಬಂತು. ಉಪಗ್ರಹದ ಕ್ಯಾಮೆರಾಗೆ ಲೆನ್ಸು, ಕನ್ನಡಿ. ನಕ್ಷತ್ರ ನೋಡಿ ಉಪಗ್ರಹಕ್ಕೆ ದಿಕ್ಕು ಹೇಳುವ ಸೆನ್ಸರು, ಇವೆಲ್ಲ ಅಲ್ಲಿಯ ಕೆಲಸ.

ಇಂಥ ಕನ್ನಡಿ ಎಷ್ಟು ಕರಾರುವಾಕ್ಕಾಗಿ ಇರಬೇಕು? ಮೇಲ್ಮೈಯ ಏರುತಗ್ಗು ಬೆಳಕಿನ ಅಲೆಯ ಇಪ್ಪತ್ತನೇ ಒಂದು ಭಾಗ ಮೀರಬಾರದು ಅಂತಾರೆ. ನಿಮ್ಮ ತಲೆಗೂದಲನ್ನು ಎರಡು ಮೂರು ಸಾವಿರ ಸೀಳು ಮಾಡಿ, ಅದರಲ್ಲಿ ಒಂದು ಸೀಳು ತಗೊಳ್ಳಿ. ಅಷ್ಟು!

ನಮಗೆ ಈ ವಿದ್ಯೆ ಬರಲ್ವಾ? ಬರುತ್ತೆ. ತಮಿಳುನಾಡಿನ ಕಾವಲೂರಿನಲ್ಲಿರುವ ವೇಣು ಬಾಪು ದೂರದರ್ಶಕದ 2.34 ಮೀಟರ್ ಕನ್ನಡಿಯನ್ನು ಉಜ್ಜಿ ನಯ ಮಾಡಿದ್ದು ಬೆಂಗಳೂರಿನ ಖಗೋಳ ಭೌತವಿಜ್ಞಾನ ಸಂಸ್ಥೆಯಲ್ಲೇ. ಕನಸು ಕಂಡ ಬಾಪು 1982ರಲ್ಲಿ ತೀರಿಕೊಂಡರು, ಮುಗಿದದ್ದನ್ನು ನೋಡಲಿಲ್ಲ. 1986ರ ಜನವರಿ 6ರಂದು ಅದಕ್ಕೆ ಅವರ ಹೆಸರಿಟ್ಟರು. ಆಮೇಲೆ ಏನಾಯ್ತು ನೋಡಿ. 2000ದಲ್ಲಿ ಲಡಾಖಿನ ಹಾನ್ಲೆಗೆ ಹೋದ 2 ಮೀಟರ್ ದೂರದರ್ಶಕ ಅಮೆರಿಕದ್ದು. ಅದನ್ನು ನಡೆಸೋದು ಮಾತ್ರ ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ! ಉತ್ತರಾಖಂಡದ ದೇವಸ್ಥಲದ 3.6 ಮೀಟರ್ ದೂರದರ್ಶಕ ಬೆಲ್ಜಿಯಂ ಕಂಪನಿ ಕಟ್ಟಿಕೊಟ್ಟದ್ದು. ಸ್ವಂತ ಕೈಯಲ್ಲಿ ಒಮ್ಮೆ ಮಾಡಿದ ದೇಶ ದೊಡ್ಡದು ಬೇಕಾದಾಗ ಆರ್ಡರ್ ಕೊಟ್ಟಿತು. ನನಗೆ ಇದು ಕಡಿಮೆ ಸಂಗತಿ ಅನ್ನಿಸಲ್ಲ. ಗಾಜು ಉಜ್ಜುವವರ ಅಂದಾಜು, ತಾಳ್ಮೆ ಪುಸ್ತಕದಲ್ಲಿ ಸಿಗಲ್ಲ. ಒಂದು ತಲೆಮಾರು ಕೆಲಸ ಇಲ್ಲದೆ ಕೂತರೆ ಹೋಯ್ತು.

ಹೊಸಕೋಟೆಯಲ್ಲೇ ಆದಿತ್ಯ-ಎಲ್1ರ ಮುಖ್ಯ ಉಪಕರಣ, ಸೂರ್ಯನ ಕರೋನಾ ನೋಡುವ ವಿಇಎಲ್‌ಸಿ, ಜೋಡಣೆಯಾಯಿತು. ಕರೋನಾದ ಬೆಳಕು ಸೂರ್ಯಬಿಂಬದ ಹತ್ತು ಲಕ್ಷದಲ್ಲಿ ಒಂದು ಪಾಲು. ಕನ್ನಡಿ ಮೇಲೆ ಒಂದು ಧೂಳಿನ ಕಣ ಕೂತರೂ ಚದುರಿದ ಬೆಳಕು ಎಲ್ಲವನ್ನೂ ಮುಚ್ಚಿಬಿಡುತ್ತೆ. ಲಾರಿ ಧೂಳಿನ ಈ ಜಿಲ್ಲೆಯಲ್ಲಿ ಧೂಳೇ ಇಲ್ಲದ ಕೋಣೆ! 2024ರ ಜನವರಿ 6ರಂದು ಆದಿತ್ಯ 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿತು. ಮತ್ತೆ ಅದೇ ಜನವರಿ 6. ಕಾಕತಾಳೀಯ, ಇರಲಿ.

ಈಗ ಹೊಸಕೋಟೆಯಲ್ಲಿ ಮೂವತ್ತು ಮೀಟರ್ ದೂರದರ್ಶಕಕ್ಕಾಗಿ ಗಾಜು ನಯ ಮಾಡುವ ಘಟಕ ಇದೆ. ಆ ಕನ್ನಡಿ 492 ತುಂಡುಗಳದ್ದು. ಅದರಲ್ಲಿ ಭಾರತದ ಪಾಲೂ ಇದೆ. ಗಾಜನ್ನು ಒತ್ತಿ ಬಾಗಿಸಿ, ಉಜ್ಜಿ, ಬಿಟ್ಟರೆ ಅದು ಬೇಕಾದ ಆಕಾರಕ್ಕೆ ಬಂದು ನಿಲ್ಲುತ್ತೆ. ಆದರೆ ದೂರದರ್ಶಕ ಏಳಬೇಕಾದ ಹವಾಯಿಯ ಮೌನಾ ಕಿಯಾ ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರ ಬೆಟ್ಟ. ಅವರು ರಸ್ತೆಗೆ ಅಡ್ಡ ಕೂತು 2015ರಲ್ಲೂ 2019ರಲ್ಲೂ ಕೆಲಸ ತಡೆದರು. ಶಿವಗಂಗೆ ಬೆಟ್ಟದ ಬುಡದಲ್ಲಿರುವ ದಾಬಸ್‌ಪೇಟೆಯವರಿಗೆ ಆ ಜನರ ಸಿಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.