ಸಾಲೆತೊರೆ, ಭಾಸ್ಕರ ಆನಂದ

ಇಪ್ಪತ್ತನೆಯ ಶತಮಾನದ ಇತಿಹಾಸಕಾರ, ಪ್ರಾಧ್ಯಾಪಕ. ವಿಜಯನಗರದ ಸಮಾಜ ಮತ್ತು ಆಡಳಿತ, ತುಳುವ ಚರಿತ್ರೆ, ಮಧ್ಯಯುಗದ ಜೈನಧರ್ಮ ಇವರ ಮುಖ್ಯ ಕ್ಷೇತ್ರಗಳು. ಧರ್ಮವನ್ನೂ ರಾಜಕಾರಣವನ್ನೂ ಒಂದೇ ಶಾಸನದ ಸಾಲುಗಳಲ್ಲಿ ಒಟ್ಟಿಗೆ ಓದಿದ್ದು ಇವರ ಹೆಚ್ಚುಗಾರಿಕೆ. ಭಟ್ಕಳ ಮತ್ತು ಹೊನ್ನಾವರದ ಸಣ್ಣ ಅರಸುಮನೆಗಳಿಗೆ ಕರ್ನಾಟಕದ ಧಾರ್ಮಿಕ ಇತಿಹಾಸದಲ್ಲಿ ಸಲ್ಲಬೇಕಾದ ಜಾಗ ಸಂದದ್ದರಲ್ಲಿ ಇವರ ಪಾಲು ದೊಡ್ಡದು.

ಲಂಡನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಸಂಶೋಧನೆಯಿಂದ ಬೆಳೆದ, ವಿಜಯನಗರದ ಸಾಮಾಜಿಕ ಮತ್ತು ರಾಜಕೀಯ ಜೀವನವನ್ನು ಕುರಿತ ಎರಡು ಸಂಪುಟಗಳ ಇಂಗ್ಲಿಷ್ ಗ್ರಂಥ 1934ರಲ್ಲಿ ಮದರಾಸಿನಿಂದ ಹೊರಬಂತು. ತುಳುವ ಚರಿತ್ರೆ 1936ರಲ್ಲಿ, ಮಧ್ಯಯುಗದ ಜೈನಧರ್ಮದ ಗ್ರಂಥ 1938ರಲ್ಲಿ ಪ್ರಕಟವಾದವು. ಪುಣೆ ಮತ್ತು ಅಹಮದಾಬಾದಿನ ಕಾಲೇಜುಗಳಲ್ಲಿ ಪಾಠ ಹೇಳಿದ ಬಳಿಕ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ನಿರ್ದೇಶಕರಾದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಇತಿಹಾಸ ಪ್ರಾಧ್ಯಾಪಕರಾಗಿದ್ದರು.

ಇವರು ಬರೆಯತೊಡಗಿದ ಕಾಲದಲ್ಲಿ ವಿಜಯನಗರದ ಹುಟ್ಟೇ ವಿವಾದದ ವಸ್ತುವಾಗಿತ್ತು. ವಿದ್ಯಾರಣ್ಯರು ರಾಜ್ಯ ಸ್ಥಾಪಿಸಿದರೆಂಬ ಕಥೆಯನ್ನು ಶೃಂಗೇರಿ ಮಠದವರು ಆಮೇಲೆ ಕಟ್ಟಿದರೆಂದು ಫಾದರ್ ಹೆರಾಸ್ 1929ರಲ್ಲಿ ವಾದಿಸಿದ್ದರು. ಸ್ಥಾಪಕರು ತೆಲುಗು ಮೂಲದವರೆಂದು ಎನ್. ವೆಂಕಟರಮಣಯ್ಯ 1933ರಲ್ಲಿ ಬರೆದರು. ಸಾಲೆತೊರೆ ಕರ್ನಾಟಕ ಮೂಲದ ಪರ ನಿಂತರು. 1936ರಲ್ಲಿ ಧಾರವಾಡದಿಂದ ಪ್ರಕಟವಾದ ವಿಜಯನಗರ ಆರನೆಯ ಶತಮಾನೋತ್ಸವ ಸಂಪುಟದಲ್ಲಿ ಈ ವಾದಗಳನ್ನೆಲ್ಲ ಅವರು ಪರಿಶೀಲಿಸಿದ್ದಾರೆ. ಕರ್ನಾಟಕದ ಏಕೀಕರಣದ ಕನಸು ಬಲವಾಗಿದ್ದ ದಿನಗಳವು. ಆ ಬಿಸಿ ಅವರ ಬರವಣಿಗೆಗೂ ತಾಕಿದೆ. ವಿಜಯನಗರವನ್ನು ಹಿಂದೂ ಧರ್ಮದ ಕೋಟೆಯೆಂದು ಕಂಡ ಭಾಗಗಳನ್ನು ಇಂದಿನ ಓದುಗರು ಎಚ್ಚರದಿಂದಲೇ ಓದಬೇಕು.

ಜೈನಧರ್ಮದ ಗ್ರಂಥವೇ ಅವರ ಅತ್ಯುತ್ತಮ ಕೃತಿ. ರಾಜಾಶ್ರಯದಿಂದ ಆರಂಭಿಸಿದರೂ ಅವರು ಅಲ್ಲಿಗೇ ನಿಲ್ಲುವುದಿಲ್ಲ. ದಂಡನಾಯಕರು, ವರ್ತಕರು, ಹೆಣ್ಣುಮಕ್ಕಳು ಧರ್ಮವನ್ನು ಹೊತ್ತು ನಡೆದ ಬಗೆಯನ್ನು ಶಾಸನಗಳಿಂದ ಹೆಕ್ಕಿ ತೆಗೆಯುತ್ತಾರೆ. ನಾಗರಖಂಡವನ್ನು ಆಳಿ, ಕೊನೆಗೆ ಸಲ್ಲೇಖನ ಕೈಗೊಂಡ ಜಕ್ಕಿಯಬ್ಬೆಯಂಥವರಿಗೆ ಅಲ್ಲೊಂದು ಅಧ್ಯಾಯವೇ ಉಂಟು. ಗಂಗ, ಹೊಯ್ಸಳ ರಾಜ್ಯಗಳು ಜೈನ ಗುರುಗಳ ಸೃಷ್ಟಿಯೆಂಬ ಅವರ ನಿಲುವು ಮಾತ್ರ ದುರ್ಬಲ. ಗಂಗರ ಗುರು ಸಿಂಹನಂದಿಯ ಕಥೆ, ಹೊಯ್ಸಳರ ಮೂಲಪುರುಷ ಸಳ ಹುಲಿಯನ್ನು ಹೊಡೆದ ಕಥೆ ಎರಡನ್ನೂ ಅವರು ಬೇಕಾದ್ದಕ್ಕಿಂತ ಹೆಚ್ಚು ನಂಬಿದರು.

ಆ ಗ್ರಂಥದ ಚರ್ಚೆಯಲ್ಲಿ ಮುಖ್ಯವಾದ ದಾಖಲೆಯೊಂದು ಶ್ರವಣಬೆಳಗೊಳದ 1368ರ ಶಾಸನ. ಶ್ರೀವೈಷ್ಣವರಿಂದ ಅನ್ಯಾಯವಾಗಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿತ್ತಾಗ, ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲವೆಂದ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಉಳಿಯಿತು. ಮುಂದಿನ ಸಾಲುಗಳನ್ನು ಬಿಡಬಾರದು. ಬೆಳಗೊಳದ ದೇವರಿಗೆ 20 ಮಂದಿ ಅಂಗರಕ್ಷಕರನ್ನು ನೇಮಿಸುವ ಹೊಣೆ ತಿರುಮಲೆಯ ತಾತಯ್ಯನದು, ಅದಕ್ಕೆ ವರ್ಷಕ್ಕೆ ಮನೆಗೊಂದು ಹಣ ಕೊಡಬೇಕಾದವರು ಜೈನರು. ಮಿಕ್ಕ ಹಣ ಬಸದಿಗಳ ದುರಸ್ತಿಗೆ. ಔದಾರ್ಯವೂ ಲೆಕ್ಕಾಚಾರವೂ ಒಂದೇ ಕಲ್ಲಿನಲ್ಲಿವೆ. ಧರ್ಮಸಹಿಷ್ಣುತೆಯೆಂಬುದು ಇಲ್ಲಿ ಅರಸನ ಸದ್ಗುಣವಷ್ಟೇ ಅಲ್ಲ, ದೂರು ಕೊಟ್ಟು, ಹಣ ತೆತ್ತು ಪಡೆದುಕೊಂಡ ವ್ಯವಸ್ಥೆ.

ಭಟ್ಕಳ, ಹೊನ್ನಾವರಗಳಿರುವ ಉತ್ತರ ಕನ್ನಡದ ಮಾತು ಬರುವುದು ಇದರ ಮುಂದೆ. ಗೋಕರ್ಣ, ಧಾರೇಶ್ವರ, ಗುಣವಂತೆ, ಮುರ್ಡೇಶ್ವರ, ಕಾರವಾರದ ಶೇಜವಾಡ ಇವು ಆತ್ಮಲಿಂಗದ ಕಥೆಯಿಂದ ಹೆಣೆದ ಪಂಚಕ್ಷೇತ್ರಗಳು. ಹೆದ್ದಾರಿಯಲ್ಲಿ ಹೋಗುವವರಿಗೆ ಈ ಕರಾವಳಿ ಪೂರ್ತಿ ಶೈವವೆಂದೇ ತೋರುತ್ತದೆ. ಆದರೆ ಶರಾವತಿಯ ಗುಂಟ ಒಳನಡೆದರೆ ಗೇರುಸೊಪ್ಪೆಯ ಚತುರ್ಮುಖ ಬಸದಿ, ಭಟ್ಕಳದಿಂದ ಘಟ್ಟದ ಕಡೆಗೆ ತಿರುಗಿದರೆ ಸಂಗೀತಪುರವೆನಿಸಿದ್ದ ಹಾಡುವಳ್ಳಿ. ದೊಡ್ಡ ರಾಜಧಾನಿಗಳಲ್ಲಿ ಆಸರೆ ತಪ್ಪಿದ ಮೇಲೆ ಜೈನಧರ್ಮ ಗಟ್ಟಿಯಾಗಿ ನಿಂತ ನೆಲೆಗಳಲ್ಲಿ ಗೇರುಸೊಪ್ಪೆ, ಸಂಗೀತಪುರಗಳನ್ನೂ ಸಾಲೆತೊರೆ ಗುರುತಿಸಿದರು. ಹೊಂಬುಜದ ಶಾಸನ ಹೊಗಳುವ ವಾದಿ ವಿದ್ಯಾನಂದ ಕೃಷ್ಣದೇವರಾಯನ ಆಸ್ಥಾನದಲ್ಲೂ ಈ ಕರಾವಳಿಯ ಅರಸರ ಸಭೆಗಳಲ್ಲೂ ವಾದಿಸಿ ಗೆದ್ದನೆಂದಿದೆ. ಸಾಲೆತೊರೆ ಅವನ ಬಗ್ಗೆ ಪ್ರತ್ಯೇಕ ಲೇಖನವನ್ನೇ ಬರೆದರು. 1604ರ ‘ಕರ್ನಾಟಕ ಶಬ್ದಾನುಶಾಸನ’ದ ಕರ್ತೃ ಭಟ್ಟಾಕಳಂಕನೂ ಹಾಡುವಳ್ಳಿಯ ಗುರುಪರಂಪರೆಯವನೇ. ಕರಿಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರಿಗೂ ಪರಿಚಿತಳಾದ ಚೆನ್ನಭೈರಾದೇವಿ ಆಳಿದ್ದು ಇದೇ ಸೀಮೆಯನ್ನು. ಬಸದಿಗಳ ಹಿಂದೆ ಬಂದರುಗಳ ಸುಂಕವಿತ್ತು ಎಂಬುದನ್ನು ಮರೆತರೆ ಈ ಧರ್ಮದ ಚರಿತ್ರೆ ಅರ್ಧವಾಗುತ್ತದೆ. ಸಾಲೆತೊರೆ ಈ ಬಂದರಿನ ಬದಿಯನ್ನು ಜೈನ ಗ್ರಂಥದಲ್ಲಿ ಹೆಚ್ಚು ಬೆಳೆಸಲಿಲ್ಲ. ಕರ್ನಾಟಕದ ಸಾಗರೋತ್ತರ ಸಂಬಂಧಗಳನ್ನು ಕುರಿತ 1956ರ ಪುಸ್ತಕದಲ್ಲಿ ಸಮುದ್ರದತ್ತ ತಿರುಗಿದರು.

ಕೊನೆಯ ವರ್ಷಗಳಲ್ಲಿ ಭಾರತದ ರಾಜತಾಂತ್ರಿಕ ಸಂಬಂಧಗಳ ಬಗ್ಗೆಯೂ ಪ್ರಾಚೀನ ರಾಜಕೀಯ ಚಿಂತನೆಯ ಬಗ್ಗೆಯೂ ಬರೆದರು. ದಕ್ಷಿಣ ಭಾರತದ ಜೈನ ಶಾಸನಗಳ ಕೆಲಸವನ್ನು 1957ರಲ್ಲಿ ಪಿ.ಬಿ. ದೇಸಾಯಿ ಮುಂದುವರಿಸಿದರು. ಶೃಂಗೇರಿಯ ಪ್ರಶ್ನೆಯನ್ನು 1980ರ ದಶಕದಲ್ಲಿ ಹರ್ಮನ್ ಕುಲ್ಕೆ ಮತ್ತೆ ಎತ್ತಿದರು. ಕರಾವಳಿಯ ಧರ್ಮಗಳನ್ನೇ ವಸ್ತುವಾಗಿಸಿ, 1500ರಿಂದ 1763ರವರೆಗಿನ ಅವಧಿಯನ್ನು ಕೆ.ಜಿ. ವಸಂತಮಾಧವ 1985ರಲ್ಲಿ ಪ್ರತ್ಯೇಕ ಗ್ರಂಥದಲ್ಲಿ ಬರೆದರು.